ಎಡ ಕಿರುಬೆರಳಿನ ನೋವು ಮತ್ತು ಸ್ಪ್ಲಿಟ್ ಕೀಬೋರ್ಡ್: ಕಗಪ ವಿನ್ಯಾಸದಲ್ಲಿ ಟೈಪ್ ಮಾಡುವ ಸಂಪಾದಕಿಯೊಬ್ಬರ ಪ್ರಕರಣ

ಪುಸ್ತಕಗಳ ಕರಡು ತಿದ್ದುವ, ಅನುವಾದವನ್ನೂ ಮಾಡುವ ಸಂಪಾದಕಿ. ದಿನಕ್ಕೆ ಆರೇಳು ಗಂಟೆ ಕೀಬೋರ್ಡ್ ಮುಂದೆ, ಅದರಲ್ಲಿ ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಇಂಗ್ಲಿಷ್. ಕನ್ನಡಕ್ಕೆ ಬಳಸುವುದು ನುಡಿ ತಂತ್ರಾಂಶದಿಂದ ರೂಢಿಯಾದ ಕಗಪ ಎಂಬ ಕೀಗಳ ವಿನ್ಯಾಸ. ದೂರು ಮೂರು: ಎಡ ಕಿರುಬೆರಳಿನ ಬುಡದಲ್ಲಿ ಸಂಜೆಯ ಹೊತ್ತಿಗೆ ಉರಿಯುವಂಥ ನೋವು, ಎರಡೂ ಮಣಿಕಟ್ಟಿನ ಹೊರ ಅಂಚಿನಲ್ಲಿ ಸೆಳೆತ, ಹೆಗಲ ಮೂಳೆಗಳ ನಡುವೆ ಬಿಗಿತ. ಬೆರಳು ಜೋಮು ಹಿಡಿಯುವುದಿಲ್ಲ, ರಾತ್ರಿ ನೋವಿಗೆ ಎಚ್ಚರವಾಗುವುದಿಲ್ಲ, ಕೈಯಿಂದ ವಸ್ತು ಜಾರುವುದಿಲ್ಲ. ಈ ಮೂರರಲ್ಲಿ ಒಂದಿದ್ದರೂ ಮೊದಲು ವೈದ್ಯರ ಬಳಿ ಹೋಗಬೇಕು, ಕೀಬೋರ್ಡಿನ ಮಾತು ಆಮೇಲೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮಿದ್ದರೆ ಮಣಿಕಟ್ಟಿನ ಸುರಂಗದಲ್ಲಿ ಹಾದುಹೋಗುವ ಮೀಡಿಯನ್ ನರದ ಮೇಲೆ ಅನುಮಾನ. ಕಿರುಬೆರಳಿನಲ್ಲೂ ಉಂಗುರದ ಬೆರಳಿನ ಪಕ್ಕದ ಅರ್ಧದಲ್ಲೂ ಇದ್ದರೆ ಅಲ್ನಾರ್ ನರದ ಮೇಲೆ. ಇವನ್ನು ಕೀಬೋರ್ಡ್ ಹಲಗೆ ಬದಲಿಸಿ ವಾಸಿ ಮಾಡಲು ಹೊರಡುವುದು ತಪ್ಪು.

ಅವರು ಬಂದದ್ದು “ಯಾವ ಸ್ಪ್ಲಿಟ್ ಕೀಬೋರ್ಡ್ (ಎಡಗೈಗೊಂದು, ಬಲಗೈಗೊಂದು ಹೋಳಿರುವ ಕೀಬೋರ್ಡ್) ಕೊಳ್ಳಲಿ?” ಎಂಬ ಪ್ರಶ್ನೆ ಹಿಡಿದು. ಎಲ್ಲಿಂದ ನೋವು ಎಂದು ತಿಳಿಯದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಕೊಳ್ಳುವ ಮುಂಚೆ ನೋಡಿದ್ದು

ಮೊದಲು ಅಳತೆ. ಮೇಜಿನ ಎತ್ತರ 74 ಸೆಂ.ಮೀ., ಅದರ ಮೇಲೆ ಕೀಬೋರ್ಡ್ 3 ಸೆಂ.ಮೀ. ಪಾದ ನೆಲಕ್ಕೆ ಊರಿ ಕುಳಿತಾಗ ಮೊಣಕೈ ನೆಲದಿಂದ 68 ಸೆಂ.ಮೀ. ಅಂದರೆ ಕೀಗಳು ಮೊಣಕೈಗಿಂತ 9 ಸೆಂ.ಮೀ. ಮೇಲೆ. ಹೀಗಿದ್ದಾಗ ಹೆಗಲು ಎತ್ತಿಕೊಂಡೇ ಟೈಪ್ ಮಾಡಬೇಕಾಗುತ್ತದೆ. ಬೆನ್ನಿನ ಬಿಗಿತದ ಒಂದು ಪಾಲು ಅಲ್ಲಿಯೇ ಸಿಕ್ಕಿತು. ಸಾಲದ್ದಕ್ಕೆ ಕೀಬೋರ್ಡಿನ ಹಿಂದಿನ ಎರಡು ಕಾಲು ಬಿಚ್ಚಿ ನಿಲ್ಲಿಸಿದ್ದರು. ಆ ಕಾಲು ಬಿಚ್ಚಿದಷ್ಟೂ ಅಂಗೈ ಹಿಂದಕ್ಕೆ ಬಾಗುತ್ತದೆ, ಮಣಿಕಟ್ಟಿಗೆ ಅದು ಕೆಟ್ಟದ್ದು. ಕೀಗಳ ಅಕ್ಷರ ಕಾಣಲೆಂದು ಕೊಟ್ಟ ಕಾಲುಗಳವು, ನೋಡದೆ ಟೈಪ್ ಮಾಡುವವರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ.

ಎರಡನೆಯದು ಕೀಬೋರ್ಡ್ ಇಟ್ಟ ಜಾಗ. ನಂಬರ್ ಪ್ಯಾಡ್ ಇರುವ ಪೂರ್ಣ ಅಳತೆಯ ಹಲಗೆಯನ್ನು ಪರದೆಯ ನಡುವಿಗೆ ಸರಿಹೊಂದಿಸಿ ಇಟ್ಟಿದ್ದರು. ನೋಡಲು ಚೆಂದ. ಆದರೆ ಕೈಗಳ ನಡುಗೆರೆ, ಅಂದರೆ ಜಿ ಮತ್ತು ಎಚ್ ಕೀಗಳ ನಡುವಿನ ಗೆರೆ, ಹಲಗೆಯ ನಡುವಿನಲ್ಲಿಲ್ಲ. ಕೀಯಿಂದ ಕೀಗೆ 19.05 ಮಿ.ಮೀ. ಅಂತರ, ಲೆಕ್ಕ ಹಾಕಿದರೆ ಆ ಗೆರೆ ಹಲಗೆಯ ಮಧ್ಯದಿಂದ ಎಡಕ್ಕೆ ನಾಲ್ಕೂವರೆ ಕೀಗಳಷ್ಟು, ಸುಮಾರು 8.5 ಸೆಂ.ಮೀ. ಸರಿದಿರುತ್ತದೆ. ಮುಖ ಪರದೆಗೆ, ಕೈ ಎಡಕ್ಕೆ. ಬಲಗೈಯ ಮೌಸ್ ನಂಬರ್ ಪ್ಯಾಡ್ ದಾಟಿ ಇನ್ನೂ ಆಚೆ.

ಮೂರನೆಯದನ್ನು ನೋಡಲು ಫೋನನ್ನು ಕೈಗಳ ಮೇಲೆ ನಿಲ್ಲಿಸಿ ಹತ್ತು ನಿಮಿಷ ವೀಡಿಯೊ ಮಾಡಿಸಲಾಯಿತು. ಮುಂಗೈಯ ನಡುಗೆರೆಗೂ ನಡುಬೆರಳಿನ ಗೆಣ್ಣಿಗೂ ಗೆರೆ ಎಳೆದು ನೋಡಿದರೆ ಎರಡೂ ಮಣಿಕಟ್ಟು ಕಿರುಬೆರಳಿನ ಕಡೆಗೆ ಸುಮಾರು 20 ಡಿಗ್ರಿ ಬಾಗಿವೆ. ಹೆಗಲಗಲದಿಂದ ಬರುವ ಎರಡು ಮುಂಗೈಗಳು ಒಂದೇ ಹಲಗೆಯ ನಡುವೆ ಸೇರಬೇಕಾದಾಗ ಇದು ತಪ್ಪದು. ಎರಡು ಹೋಳಿನ ಕೀಬೋರ್ಡ್ ನೇರವಾಗಿ ಪರಿಹರಿಸುವುದು ಈ ಒಂದು ಬಾಗನ್ನು ಮಾತ್ರ.

ಅದೇ ವೀಡಿಯೊದಲ್ಲಿ ಇನ್ನೊಂದು ಸಂಗತಿ ಕಂಡಿತು, ಇಡೀ ಪ್ರಕರಣ ಅದರ ಮೇಲೆ ತಿರುಗಿತು. ಕಗಪದಲ್ಲಿ ಕನ್ನಡದ ಎಲ್ಲ ಅಕ್ಷರವೂ ಇಪ್ಪತ್ತಾರು ಕೀಗಳೊಳಗೇ ಸಿಗುತ್ತದೆ, ಅದೇ ಅದರ ಹೆಗ್ಗಳಿಕೆ. ಅದಕ್ಕೆ ಕೊಡುವ ಬೆಲೆ ಶಿಫ್ಟ್. ದೀರ್ಘ ಸ್ವರಗಳಿಗೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ ಳ ಶ ಗಳಿಗೆ ಶಿಫ್ಟ್, ಕೊನೆಗೆ ಅನುಸ್ವಾರಕ್ಕೂ ಶಿಫ್ಟ್. “ಬಂದಳು” ಎಂಬ ಐದು ಒತ್ತಿನ ಪದಕ್ಕೆ ಎರಡು ಸಲ. “ಹೇಳಿದಳು” ಎಂಬ ಏಳು ಒತ್ತಿನ ಪದಕ್ಕೆ ಮೂರು ಸಲ. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಬೇಕಾಗುವ ಕೀ ಕನ್ನಡದಲ್ಲಿ ಪದಪದಕ್ಕೂ ಬೇಕು. ಇವರು ಎಲ್ಲದಕ್ಕೂ ಎಡ ಶಿಫ್ಟನ್ನೇ ಒತ್ತುತ್ತಿದ್ದರು. ‘ಕಾ’ ಬರೆಯುವಾಗ ಕಿರುಬೆರಳು ಕೆಳಗಿಳಿದು ಶಿಫ್ಟ್ ಹಿಡಿಯುತ್ತದೆ, ಕಿರುಬೆರಳಿನದೇ ಆದ ಇಂಗ್ಲಿಷಿನ ‘ಎ’ ಕೀಯನ್ನು ಉಂಗುರದ ಬೆರಳು ಎಡಕ್ಕೆ ಚಾಚಿ ಒತ್ತುತ್ತದೆ, ಅಷ್ಟು ಹೊತ್ತು ಇಡೀ ಅಂಗೈ ಹೊರಕ್ಕೆ ತಿರುಚಿರುತ್ತದೆ. ಆಕಾರ ಬಂದಾಗಲೆಲ್ಲ ಹೀಗೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್ ಬಳಸಬೇಕೆಂಬುದು ಟೈಪಿಂಗ್ ತರಗತಿಯ ಪಾಠವೇನೋ ಹೌದು. ಆದರೆ ಬಲ ಕಿರುಬೆರಳಿಗೆ ಆಗಲೇ ಎಂಟರ್, ಬ್ಯಾಕ್‌ಸ್ಪೇಸ್ ಇವೆ. ನೋವನ್ನು ಆ ಕಡೆಗೆ ದಾಟಿಸಿದಂತಾಗುತ್ತದೆ ಅಷ್ಟೆ.

ಖರ್ಚಿಲ್ಲದ ಎರಡು ವಾರ

ಹೊಸದನ್ನು ಕೊಳ್ಳುವ ಮೊದಲು ಹಳೆಯ ಕೀಬೋರ್ಡಿನಲ್ಲೇ ನಾಲ್ಕು ಬದಲಾವಣೆ. ಹಿಂದಿನ ಕಾಲು ಮಡಚಿದ್ದು. ಕುರ್ಚಿಯನ್ನು 8 ಸೆಂ.ಮೀ. ಎತ್ತರಿಸಿ, ಪಾದದ ಕೆಳಗೆ ಅಷ್ಟೇ ಎತ್ತರದ ಮಣೆ ಇಟ್ಟದ್ದು (ಕುರ್ಚಿ ಮಾತ್ರ ಎತ್ತರಿಸಿದರೆ ತೊಡೆಯ ಕೆಳಗೆ ಒತ್ತು ಬೀಳುತ್ತದೆ). ಜಿ–ಎಚ್ ಗೆರೆಯನ್ನು ಪರದೆಯ ನಡುವಿಗೆ ತಂದದ್ದು. ನಾಲ್ಕನೆಯದು ವಿಂಡೋಸಿನಲ್ಲೇ ಇರುವ ಸ್ಟಿಕ್ಕಿ ಕೀಸ್. ಶಿಫ್ಟನ್ನು ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅದು ಅನ್ವಯಿಸುತ್ತದೆ, ಹಿಡಿದಿರಬೇಕಿಲ್ಲ. ಶಿಫ್ಟನ್ನು ಐದು ಸಲ ಒತ್ತಿದರೆ ಆನ್ ಮಾಡಲೇ ಎಂದು ಕೇಳುತ್ತದೆ. ಎರಡು ಸಲ ತಟ್ಟಿದರೆ ಶಿಫ್ಟ್ ಬೀಗ ಬೀಳುವ ಆಯ್ಕೆಯೊಂದು ಅದರಲ್ಲಿದೆ, ಅದನ್ನು ತೆಗೆದುಹಾಕಬೇಕು; ಇಲ್ಲದಿದ್ದರೆ ಅನುಮಾನದಿಂದ ಮತ್ತೊಮ್ಮೆ ತಟ್ಟಿದಾಗ ಇಡೀ ಸಾಲು ಮಹಾಪ್ರಾಣವಾಗುತ್ತದೆ.

ಇದು ಚಿಕಿತ್ಸೆಗಿಂತ ಹೆಚ್ಚಾಗಿ ಪರೀಕ್ಷೆ. ಎರಡು ವಾರದಲ್ಲಿ ಕಿರುಬೆರಳಿನ ಉರಿ ಗಮನಾರ್ಹವಾಗಿ ಇಳಿಯಿತು, ಬೆನ್ನಿನ ಬಿಗಿತ ಸ್ವಲ್ಪ ಸಡಿಲಾಯಿತು, ಮಣಿಕಟ್ಟಿನ ಸೆಳೆತ ಮಾತ್ರ ಇದ್ದಲ್ಲೇ ಇತ್ತು. ಹೀಗಾಗಿ ಕಾರಣಗಳು ಬೇರೆಬೇರೆಯಾದವು: ಬೆರಳಿನ ನೋವು ಶಿಫ್ಟಿನದು, ಮಣಿಕಟ್ಟಿನದು ಹಲಗೆಯ ಆಕಾರದ್ದು. ಹೊಸ ಕೀಬೋರ್ಡಿನಲ್ಲಿ ಎರಡು ಗುಣ ಬೇಕೇಬೇಕು ಎಂದಾಯಿತು: ಹೋಳುಗಳು ಪೂರ್ತಿ ಬೇರೆಯಾಗಬೇಕು, ಶಿಫ್ಟ್ ಹೆಬ್ಬೆರಳಿಗೆ ಬರುವಂತಿರಬೇಕು.

ಎರಡನೆಯ ಬೇಡಿಕೆಯಿಂದ ಆಯ್ಕೆ ಬಹಳ ಕಿರಿದಾಯಿತು. ಮಾಮೂಲಿ ಹಲಗೆಯನ್ನೇ ನಡುವೆ ಸೀಳಿದಂತಿರುವ, ಓರೆ ಸಾಲಿನ ಮಾದರಿಗಳು ಕಲಿಯಲು ಸುಲಭ. ಒಂದೆರಡು ದಿನಕ್ಕೇ ಕೈ ಕೂರುತ್ತದೆ. ಆದರೆ ಅವುಗಳಲ್ಲಿ ಹೆಬ್ಬೆರಳಿಗೆ ಉದ್ದನೆಯ ಸ್ಪೇಸ್ ಬಾರ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಇಂಗ್ಲಿಷ್ ಮಾತ್ರ ಬರೆಯುವವರಿಗೆ, ಮಣಿಕಟ್ಟಿನದು ಮಾತ್ರ ತೊಂದರೆಯಿದ್ದವರಿಗೆ ಅದೇ ಸಾಕು, ಅದಕ್ಕಿಂತ ಮುಂದೆ ಹೋಗುವ ಅಗತ್ಯವೇ ಇಲ್ಲ. ಇವರಿಗೆ ಅದು ಅರ್ಧ ಪರಿಹಾರ. ಇನ್ನೊಂದು ತುದಿಯಲ್ಲಿ ಕಾರ್ನೆಯಂಥ 42 ಕೀಗಳ ಪುಟಾಣಿ ಹಲಗೆಗಳು. ಕಗಪಕ್ಕೆ ಅಕ್ಷರಗಳ ಕೊರತೆಯಾಗದು, ಆದರೆ ಅಂಕಿಗಳ ಸಾಲು ಇಲ್ಲ, ಕರಡು ತಿದ್ದುವವರಿಗೆ ಅಂಕಿ, ಆವರಣ, ಅಡ್ಡಗೆರೆ ಕ್ಷಣಕ್ಷಣಕ್ಕೂ ಬೇಕು. (ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕನ್ನಡ ವಿನ್ಯಾಸ ಬಳಸುವವರು 42 ಕೀಗಳ ಕಡೆಗೆ ಹೋಗುವ ಮುನ್ನ ಇನ್ನೂ ಯೋಚಿಸಬೇಕು. ಅದರಲ್ಲಿ ‘ಡ’ ಇರುವುದು ಚೌಕಾವರಣದ ಕೀಯಲ್ಲಿ, ವಟ್ರಸುಳಿ ಸಮಚಿಹ್ನೆಯ ಕೀಯಲ್ಲಿ. ಸಣ್ಣ ಹಲಗೆಯ ಮೊದಲ ಪದರದಲ್ಲಿ, ಅಂದರೆ ಬೇರೆ ಕೀ ಹಿಡಿಯದೆ ನೇರವಾಗಿ ಸಿಗುವ ಕೀಗಳಲ್ಲಿ, ಅವೆರಡೂ ಸಾಮಾನ್ಯವಾಗಿ ಇರುವುದಿಲ್ಲ.)

ಕೊನೆಗೆ ಆರಿಸಿದ್ದು ಲಿಲಿ58: ಒಂದೊಂದು ಹೋಳಿಗೆ 29 ಕೀ, ಅಂಕಿಗಳ ಸಾಲು ಸಹಿತ, ಹೆಬ್ಬೆರಳಿಗೆ ನಾಲ್ಕು ನಾಲ್ಕು. ಬೆಸುಗೆ ಇಲ್ಲದೆ ಪ್ರತಿ ಕೀಯಡಿಯ ಸ್ವಿಚ್ ಕಿತ್ತು ಬೇರೆಯದನ್ನು ಹಾಕಬಹುದಾದ ಸಾಕೆಟ್ ಇರುವುದು, ವಯಲ್ ತಂತ್ರಾಂಶದಿಂದ ಕೀಗಳನ್ನು ಅಲ್ಲಲ್ಲೇ ಬದಲಿಸಬಹುದಾದದ್ದು. ಈ ಎರಡೂ ಅನುಕೂಲ ಇಲ್ಲದಿದ್ದರೆ ಮುಂದಿನ ತಿದ್ದುಪಡಿಗಳು ಆಗುತ್ತಿರಲಿಲ್ಲ.

ಜೋಡಣೆಯಲ್ಲಿ ಎಡವಿದ್ದು

ಹೋಳುಗಳನ್ನು ಮೊದಲ ದಿನ 45 ಸೆಂ.ಮೀ. ದೂರ ಇಟ್ಟಿದ್ದರು, ಚಿತ್ರಗಳಲ್ಲಿ ನೋಡಿದ ಹಾಗೆ. ಮೂರನೆಯ ದಿನಕ್ಕೆ ಹೆಗಲ ಹೊರಬದಿ ನೋಯತೊಡಗಿತು. ತೋಳು ಮೈಯಿಂದ ದೂರ ಸರಿದರೆ ಅದನ್ನು ಹಿಡಿದು ನಿಲ್ಲಿಸುವ ಕೆಲಸ ಹೆಗಲಿನ ಸ್ನಾಯುವಿನದಾಗುತ್ತದೆ. ಸರಿಯಾದ ಅಂತರಕ್ಕೆ ಅಳತೆಪಟ್ಟಿ ಬೇಡ: ಕಣ್ಣು ಮುಚ್ಚಿ ತೋಳನ್ನು ಜೋತುಬಿಟ್ಟು, ಮೊಣಕೈ ಮಾತ್ರ ಮಡಚಿ, ಕೈ ಎಲ್ಲಿ ಬೀಳುತ್ತದೋ ಅಲ್ಲಿಗೆ ಎಫ್ ಮತ್ತು ಜೆ ಕೀಗಳನ್ನು ತರಬೇಕು. ಇವರಿಗೆ ಒಳ ಅಂಚುಗಳ ನಡುವೆ 19 ಸೆಂ.ಮೀ. ಬಂತು. ಪ್ರತಿ ಹೋಳನ್ನೂ ಮುಂಗೈಯ ಗೆರೆಗೆ ಸಮನಾಗುವಷ್ಟು ಸ್ವಲ್ಪ ತಿರುಗಿಸಿದ ಮೇಲೆ ಮತ್ತೆ ವೀಡಿಯೊ ನೋಡಿದರೆ ಮಣಿಕಟ್ಟು ನೆಟ್ಟಗಿತ್ತು.

ಆಮೇಲೆ ಟೆಂಟಿಂಗ್, ಅಂದರೆ ಒಳ ಅಂಚನ್ನು ಎತ್ತಿ ಹೋಳನ್ನು ಹೊರಕ್ಕೆ ಓರೆ ಮಾಡುವುದು. ಅಂಗೈ ಪೂರ್ತಿ ನೆಲ ನೋಡುವಂತಿದ್ದರೆ ಮುಂಗೈಯ ಎರಡು ಮೂಳೆಗಳು ತಿರುಚಿಕೊಂಡಿರುತ್ತವೆ. ಓರೆ ಮಾಡಿದಷ್ಟೂ ಆ ತಿರುಚು ಕಡಿಮೆ. ಹಾಗೆಂದು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ. ಹೋಳಿನ ಅಗಲ 14 ಸೆಂ.ಮೀ. ಎಂದಿಟ್ಟರೆ 10 ಡಿಗ್ರಿಗೆ ಒಳ ಅಂಚು 24 ಮಿ.ಮೀ. ಏರುತ್ತದೆ, 15 ಡಿಗ್ರಿಗೆ 36, 30 ಡಿಗ್ರಿಗೆ 70. ಉತ್ಸಾಹದಲ್ಲಿ 30ಕ್ಕೇ ಏರಿಸಿದ್ದರಿಂದ ತೋರುಬೆರಳು, ಹೆಬ್ಬೆರಳಿನ ಕೀಗಳು ಮೇಜಿನಿಂದ ಅಷ್ಟೂ ಮೇಲೆ ಹೋದವು, ಅವನ್ನು ಮುಟ್ಟಲು ಅಂಗೈ ಮತ್ತೆ ಹಿಂದಕ್ಕೆ ಬಾಗಿತು, ಕಷ್ಟಪಟ್ಟು ಇಳಿಸಿದ್ದ ಹೆಗಲು ಮತ್ತೆ ಏರಿತು. ಒತ್ತಿದಾಗಲೆಲ್ಲ ಹಲಗೆ ಹೊರಕ್ಕೆ ಜಾರುವ ಕಾಟ ಬೇರೆ. 12 ಡಿಗ್ರಿಯ ಮರದ ಬೆಣೆ, ಅದರ ಕೆಳಗೆ ಸಿಲಿಕೋನ್ ಪಾದ, ಅಷ್ಟಕ್ಕೆ ನಿಲ್ಲಿಸಲಾಯಿತು. ಅಂಗೈ ಆನಿಕೆಯನ್ನೂ ಅದೇ ಓರೆಯಲ್ಲಿ ಇಡಬೇಕು. ಆನಿಕೆ ಇರುವುದು ಬಿಡುವಿನಲ್ಲಿ ಕೈ ಊರಲಿಕ್ಕೆ. ಟೈಪ್ ಮಾಡುವಾಗ ಮಣಿಕಟ್ಟನ್ನು ಅದಕ್ಕೆ ಒತ್ತಿಕೊಂಡು ಬೆರಳಷ್ಟೇ ಚಾಚಿದರೆ ಆನಿಕೆಯೇ ಹೊಸ ನೋವಿಗೆ ಕಾರಣ.

ಎರಡು ಹೋಳಿನ ನಡುವಿನ ತಂತಿ ನೋಡಲು ಹೆಡ್‌ಫೋನ್ ತಂತಿಯಂತೆಯೇ ಇರುತ್ತದೆ. ಯುಎಸ್‌ಬಿ ಚಾಲೂ ಇರುವಾಗ ಅದನ್ನು ಕೀಳುವುದಾಗಲಿ ಸಿಕ್ಕಿಸುವುದಾಗಲಿ ಕೂಡದು. ಪಿನ್ ಜಾರುವಾಗ ಒಂದರ ತುದಿ ಇನ್ನೊಂದಕ್ಕೆ ತಗುಲಿ ಶಾರ್ಟ್ ಆಗಿ ಒಳಗಿನ ನಿಯಂತ್ರಕವೇ ಸುಟ್ಟುಹೋಗಬಹುದು. ಮೊದಲು ಈ ತಂತಿ, ಕೊನೆಗೆ ಯುಎಸ್‌ಬಿ, ಬಿಚ್ಚುವಾಗ ಉಲ್ಟಾ. ಯುಎಸ್‌ಬಿಯನ್ನು ಎಡ ಹೋಳಿಗೇ ಹಾಕಬೇಕೆಂಬುದೂ ನೆನಪಿರಲಿ. ಕೀಬೋರ್ಡಿನೊಳಗೆ ಓಡುವ ಕ್ಯೂಎಂಕೆ ಎಂಬ ಫರ್ಮ್‌ವೇರ್ ಬೇರೆ ಹೇಳದಿದ್ದರೆ ಯುಎಸ್‌ಬಿ ಇರುವ ಹೋಳನ್ನೇ ಎಡವೆಂದು ತಿಳಿಯುತ್ತದೆ, ಬಲಕ್ಕೆ ಹಾಕಿದರೆ ಅಕ್ಷರಗಳೆಲ್ಲ ಅದಲುಬದಲು.

ಸ್ವಿಚ್ಚಿನ ವಿಷಯ ಚಿಕ್ಕದು. ಒತ್ತಲು 45 ಗ್ರಾಂ ಬಲ ಸಾಕಾಗುವ, ತಡೆಯಿಲ್ಲದೆ ಇಳಿಯುವ ಲೀನಿಯರ್ ಹಾಕಿಸಿಕೊಂಡಿದ್ದರು. ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತಿತ್ತು, ಬೀಳದಿರಲೆಂದು ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು, ಅದರಿಂದ ಮುಂಗೈ ಮೇಲ್ಭಾಗ ದಣಿಯುತ್ತಿತ್ತು. ಇಳಿಯುವಾಗ ಬೆರಳಿಗೆ ಸಣ್ಣ ತಡೆ ತಿಳಿಯುವ 55 ಗ್ರಾಂನ ಟ್ಯಾಕ್ಟೈಲ್ ಹಾಕಿ, ಕಿರುಬೆರಳಿನ ಕಂಬಗಳಲ್ಲಿ (ಮೇಲಿಂದ ಕೆಳಗಿನ ಕೀಸಾಲುಗಳಲ್ಲಿ) ಮಾತ್ರ ಹಳೆಯವನ್ನೇ ಉಳಿಸಿದ ಮೇಲೆ ಸರಿಹೋಯಿತು.

ಶಿಫ್ಟ್ ಎಲ್ಲಿಡುವುದು

ಹೆಚ್ಚು ಸಮಯ ಹಿಡಿದದ್ದು ಇದು. ಕಿರುಬೆರಳಿನಿಂದ ಶಿಫ್ಟ್ ತೆಗೆಯಲು ನಾಲ್ಕು ದಾರಿ ನೋಡಲಾಯಿತು, ಮೂರು ಕನ್ನಡದಲ್ಲಿ ಕೈಕೊಟ್ಟವು.

ಒಂದೇ ಕೀಗೆ ಎರಡು ಕೆಲಸ ಕೊಡುವುದು ಮೊದಲ ಪ್ರಯತ್ನ: ತಟ್ಟಿದರೆ ಸ್ಪೇಸ್, ಹಿಡಿದರೆ ಶಿಫ್ಟ್. ಕ್ಯೂಎಂಕೆಯಲ್ಲಿ ಇವೆರಡನ್ನು ಬೇರೆ ಮಾಡುವ ಗಡುವು 200 ಮಿಲಿಸೆಕೆಂಡ್. ವೇಗವಾಗಿ ‘ಳ’ ಒತ್ತಿದಾಗ ಅಷ್ಟು ಹೊತ್ತು ಹಿಡಿದಿರುವುದೇ ಇಲ್ಲ, ಪದದ ನಡುವೆ ಖಾಲಿ ಜಾಗ ಬಿದ್ದು ‘ಲ’ ಬರುತ್ತದೆ. ಗಡುವು ಇಳಿಸಿದರೆ ಪದಗಳ ನಡುವಿನ ಜಾಗವೇ ನುಂಗಿಹೋಗಿ ಮುಂದಿನ ಪದದ ಮೊದಲ ಅಕ್ಷರ ಕೆಡುತ್ತದೆ: “ಒಂದು ನಾಯಿ” ಹೋಗಿ “ಒಂದುಣಾಯಿ”. ಇಂಗ್ಲಿಷಿಗೆ ನಡುವೆ ಎಲ್ಲೋ ಒಂದು ಹದ ಸಿಗುತ್ತದೆ. ಶಿಫ್ಟ್ ಇಷ್ಟು ಹೆಚ್ಚಿರುವ ಬರವಣಿಗೆಗೆ ಹದ ಸಿಗಲಿಲ್ಲ.

ಎರಡನೆಯದು ಎಲ್ಲರೂ ಶಿಫಾರಸು ಮಾಡುವ ಹೋಮ್ ರೋ ಮಾಡ್ಸ್. ನಡುಸಾಲಿನ ಅಕ್ಷರಗಳನ್ನು ಹಿಡಿದರೆ ಶಿಫ್ಟ್, ಕಂಟ್ರೋಲ್ ಆಗುವ ಏರ್ಪಾಡು. ಶಿಫ್ಟ್ ಸಾಮಾನ್ಯವಾಗಿ ಎಫ್ ಮತ್ತು ಜೆ ಮೇಲೆ ಕೂರುತ್ತದೆ. ಕಗಪದಲ್ಲಿ ಎಫ್ ಎಂದರೆ ಹಲಂತ, ಒತ್ತಕ್ಷರ ಬಂದಾಗಲೆಲ್ಲ ಒತ್ತುವ ಕೀ. ಎಫ್ ಬಿಡುವುದು ತುಸು ತಡವಾದರೆ ಅದು ಶಿಫ್ಟ್ ಆಗಿಬಿಡುತ್ತದೆ, “ಹಲ್ಲಿ” ಬರೆಯಹೊರಟರೆ “ಹಲಳಿ” ಬರುತ್ತದೆ. ಹೊಸ ಹಲಗೆ ಕಲಿಯುತ್ತಿರುವವರು ಕೀಗಳನ್ನು ತಡವಾಗಿಯೇ ಬಿಡುತ್ತಾರೆ. ಒಂದೇ ಕೈಯ ಎರಡು ಕೀ ಬಂದರೆ ಅಕ್ಷರವೆಂದೇ ತಿಳಿಯುವ ಕಾರ್ಡಲ್ ಹೋಲ್ಡ್ ಎಂಬ ಆಯ್ಕೆಯಿದೆ, ಅದೂ ಇಲ್ಲಿ ನೆರವಿಗೆ ಬರದು. ಎಫ್ ಎಡಗೈಯದು, ಎಲ್ ಬಲಗೈಯದು.

ಮೂರನೆಯದು ಎಡ ಹೆಬ್ಬೆರಳಿಗೆ ಸಾದಾ ಶಿಫ್ಟ್, ಬಲಕ್ಕೆ ಸ್ಪೇಸ್. ಬಹುತೇಕ ಸರಿಯಿತ್ತು. ತೊಡಕು ಬಂದದ್ದು ಹೆಬ್ಬೆರಳು ತುಸು ತಡವಾಗಿ ಏಳುವುದರಿಂದ. “ಕಾಲು” ಬರೆಯುವಾಗ ಆಕಾರಕ್ಕೆ ಒತ್ತಿದ ಶಿಫ್ಟ್ ಮುಂದಿನ ಅಕ್ಷರಕ್ಕೂ ಹರಿದು “ಕಾಳು” ಆಗುತ್ತಿತ್ತು, “ಬಾಲ” ಹೋಗಿ “ಬಾಳ” ಆಗುತ್ತಿತ್ತು. ಇಂಗ್ಲಿಷಿನಲ್ಲಿ ಇಂಥದೇ ತಪ್ಪಾದರೆ ದೊಡ್ಡಕ್ಷರ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಎರಡೂ ನಿಜವಾದ ಪದಗಳು, ಕಾಗುಣಿತ ಪರೀಕ್ಷಕ ಹಿಡಿಯುವುದಿಲ್ಲ. ಕರಡು ತಿದ್ದುವವರ ಕೈಯಿಂದಲೇ ಇಂಥ ತಪ್ಪು ನುಸುಳಿದರೆ ಅದನ್ನು ಹಿಡಿಯುವವರು ಯಾರು?

ನಿಂತದ್ದು ನಾಲ್ಕನೆಯದು: ಅದೇ ಜಾಗದಲ್ಲಿ ಒನ್ ಶಾಟ್ ಶಿಫ್ಟ್. ಸ್ಟಿಕ್ಕಿ ಕೀಸಿನ ತತ್ವವೇ, ಆದರೆ ಕೀಬೋರ್ಡಿನೊಳಗೆ. ತಟ್ಟಿ ಬಿಟ್ಟರೆ ಮುಂದಿನ ಒಂದೇ ಅಕ್ಷರಕ್ಕೆ. “ಭಾಷೆ”ಯಂತೆ ಎರಡು ಶಿಫ್ಟ್ ಒಟ್ಟಿಗೆ ಬಂದಲ್ಲಿ ಎರಡು ಸಲ ತಟ್ಟುವುದು, ಇಲ್ಲವೇ ಹಿಡಿದೇ ಎರಡನ್ನೂ ಒತ್ತುವುದು. ಎರಡಕ್ಕೂ ಒಪ್ಪುತ್ತದೆ, ಹಿಡಿದಾಗ ಅದು ಸಾದಾ ಶಿಫ್ಟಿನಂತೆಯೇ ನಡೆಯುತ್ತದೆ. ಆ ಕಾರಣಕ್ಕೇ ಅಕ್ಷರ ಒತ್ತುವ ಮುಂಚೆ ಹೆಬ್ಬೆರಳು ಎತ್ತುವುದನ್ನು ರೂಢಿಸಿಕೊಳ್ಳಲೇಬೇಕು, ಇಲ್ಲವಾದರೆ ಹಳೆಯ ‘ಕಾಳು’ ಮರಳುತ್ತದೆ. ತಟ್ಟಿ ಯೋಚನೆಗೆ ಕೂತರೆ ಆ ಶಿಫ್ಟ್ ಹಾಗೇ ಕಾಯುತ್ತಿರಬಾರದೆಂದು ಗಡುವನ್ನು 1000 ಮಿಲಿಸೆಕೆಂಡಿಗೆ ಇಡಲಾಯಿತು. ಹಳೆಯ ಎಡ ಶಿಫ್ಟಿನ ಜಾಗದ ಕೀಯನ್ನು ಬೇಕೆಂದೇ ಖಾಲಿ ಬಿಡಲಾಯಿತು, ಅದು ಕೆಲಸ ಮಾಡುತ್ತಿದ್ದರೆ ಕಿರುಬೆರಳು ಅಲ್ಲಿಗೇ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಬಲ ಹೆಬ್ಬೆರಳಿನ ಎರಡನೆಯ ಕೀಗೆ. ಭಾಷೆ ಬದಲಿಸುವ ಕೀ, ತಂತ್ರಾಂಶದಲ್ಲಿ ಯಾವ ಕೀಜೋಡಿ ಇದೆಯೋ ಅದನ್ನೇ ಮ್ಯಾಕ್ರೊ (ಒಂದೇ ಒತ್ತಿನ ಆದೇಶ) ಮಾಡಿ, ಎಡ ಹೋಳಿನ ಒಳ ಅಂಚಿನ ಒಂಟಿ ಕೀಗೆ.

ಆಮೇಲೆ

ಕಂಬಗಳು ನೇರ ಇರುವ ಇಂಥ ಹಲಗೆಗೆ ಕೈ ಕೂರಲು ವಾರಗಳೇ ಬೇಕು. ಅತಿ ಹೆಚ್ಚು ಕಾಡಿದ್ದು ಬಿ ಕೀ: ಅದು ಎಡ ಹೋಳಿನಲ್ಲಿದೆ, ಇವರಿಗೆ ಬಲ ತೋರುಬೆರಳಿನಿಂದ ಒತ್ತುವ ಅಭ್ಯಾಸ, ಹೀಗಾಗಿ ‘ಬ’ ಬಂದಾಗಲೆಲ್ಲ ಬೆರಳು ಮೇಜಿಗೆ ಬಡಿಯುತ್ತಿತ್ತು. ಗಡುವಿನ ಕೆಲಸ ಹಳೆಯದರಲ್ಲಿ, ಬೆಳಗಿನ ಅರ್ಧ ಗಂಟೆ ಹೊಸದರಲ್ಲಿ ಎಂದು ಶುರುಮಾಡಿ, ಮೂರನೆಯ ವಾರ ಪೂರ್ತಿ ದಾಟಿದರು. ಹಳೆಯ ವೇಗ ಮರಳಿದ್ದು ಎರಡನೆಯ ತಿಂಗಳಿನಲ್ಲಿ. ಅದಕ್ಕಿಂತ ಹೆಚ್ಚಾಗಲಿಲ್ಲ, ಹೆಚ್ಚಾಗುತ್ತದೆಂದು ಯಾರೂ ಹೇಳಬಾರದು.

ಆ ತಿಂಗಳ ಕೊನೆಗೆ ಮಣಿಕಟ್ಟಿನ ಸೆಳೆತವೂ ಕಿರುಬೆರಳಿನ ನೋವೂ ಇರಲಿಲ್ಲ. ಬದಲಿಗೆ ಎಡ ಹೆಬ್ಬೆರಳಿನ ಬುಡದಲ್ಲಿ ಹೊಸ ನೋವು. ನೋಡಿದರೆ ಹೆಬ್ಬೆರಳಿನ ನಾಲ್ಕೂ ಕೀಗಳಿಗೆ ಕೆಲಸ ತುಂಬಿಟ್ಟಿದ್ದಾರೆ: ಶಿಫ್ಟ್, ಕಂಟ್ರೋಲ್, ಪದರದ ಕೀ, ಎಂಟರ್. ಕೊನೆಯ ಕೀ ಮುಟ್ಟಲು ಹೆಬ್ಬೆರಳು ಅಂಗೈಯಡಿಗೆ ಮಡಚಿಕೊಳ್ಳಬೇಕು, ಅದನ್ನೇ ದಿನವಿಡೀ ಮಾಡಿದರೆ ಹೆಬ್ಬೆರಳಿನ ಸ್ನಾಯುರಜ್ಜು ಊದಿಕೊಳ್ಳಬಹುದು. ಎಂಟರ್ ಬಲಕ್ಕೆ, ಕಂಟ್ರೋಲ್ ಹಳೆಯ ಕ್ಯಾಪ್ಸ್ ಲಾಕ್ ಜಾಗಕ್ಕೆ ಹೋದವು. ಹೆಬ್ಬೆರಳು ತಾನಾಗಿ ಬೀಳುವ ಕೀ ಮತ್ತು ಅದರ ಪಕ್ಕದ್ದು ಮಾತ್ರ ಬಳಕೆಯಲ್ಲುಳಿದವು. ಎರಡು ವಾರಕ್ಕೆ ಅದೂ ಇಳಿಯಿತು.

ಹೆಗಲ ಬಿಗಿತ ಪೂರ್ತಿ ಹೋಗಿಲ್ಲ, ಬಲಬದಿಯಲ್ಲಿ ಇನ್ನೂ ಇದೆ. ಅದು ಮೌಸಿನದು. ನಂಬರ್ ಪ್ಯಾಡ್ ಹೋದದ್ದರಿಂದ ಮೌಸ್ ಹತ್ತಿರವೇನೋ ಬಂದಿದೆ, ಆದರೂ ಬಲ ಹೋಳಿನ ಆಚೆಗೇ ಇದೆ. ಎರಡು ಹೋಳಿನ ನಡುವಿನ 19 ಸೆಂ.ಮೀ. ಜಾಗದಲ್ಲಿ ಮೌಸ್ ಆಡಿಸಲು ಇಕ್ಕಟ್ಟು, ಒಂದು ಟ್ರ್ಯಾಕ್‌ಬಾಲ್ ಸಲೀಸಾಗಿ ಕೂರುತ್ತದೆ. ಮುಂದಿನ ಪ್ರಯೋಗ ಅದು. ಹೊರಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಬೇಕಾದ ದಿನಗಳಿಗೆ ಸ್ಟಿಕ್ಕಿ ಕೀಸ್ ಆನ್ ಮಾಡಿಟ್ಟಿದ್ದಾರೆ. ಶಿಫ್ಟನ್ನು ತಟ್ಟಿ ಬಿಡುವ ಅಭ್ಯಾಸ ಎರಡರಲ್ಲೂ ಒಂದೇ ಆದ್ದರಿಂದ ಕೈ ಗೊಂದಲಕ್ಕೆ ಬೀಳುತ್ತಿಲ್ಲ.